ಹೆಸರಿಲ್ಲದವರ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಅರಸರು, ಮಂತ್ರಿಗಳು, ಸೇನಾನಿಗಳು. ಬೀದಿಯಲ್ಲಿ ನೀರು ಹೊತ್ತವಳೂ ಕುಲುಮೆಯ ಮುಂದೆ ಬೆವರು ಸುರಿಸಿದವನೂ ಅಲ್ಲಿ ಕಾಣಿಸಿಕೊಳ್ಳುವುದು ವಿರಳ. ನಿವೃತ್ತಿಯ ಬಿಡುವಿನಲ್ಲಿ ನಾನು ಓದಿದ ಎರಡು ಜನಪ್ರಿಯ ಇತಿಹಾಸಗ್ರಂಥಗಳು ಈ ಕೊರತೆಯನ್ನು ತುಂಬಲು ಹೊರಟಂಥವು. ಎರಡೂ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ ನಗರವನ್ನು ಕುರಿತವು. ಆದರೆ ಎರಡರಲ್ಲಿಯೂ ರಾಣಿ ಕಥಾನಾಯಕಿಯಲ್ಲ.

ಮೊದಲನೆಯದು ಸ್ಟೀವನ್ ಜಾನ್ಸನ್ ಅವರು 2006ರಲ್ಲಿ ಪ್ರಕಟಿಸಿದ ‘ದಿ ಘೋಸ್ಟ್ ಮ್ಯಾಪ್’. 1854ರಲ್ಲಿ ಸೋಹೋ ಬಡಾವಣೆಯಲ್ಲಿ ಕಾಲರಾ ಹಬ್ಬಿ, ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಮಂದಿ ಅಸುನೀಗಿದರು. ದುರ್ಗಂಧದ ಗಾಳಿಯೇ ರೋಗಕ್ಕೆ ಮೂಲವೆಂದು ಅಂದಿನ ಅನೇಕ ಪಂಡಿತರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನು ನೀರನ್ನು ಶಂಕಿಸಿದನು. ಸತ್ತವರ ಮನೆಗಳನ್ನು ಗುರುತಿಸಿದಾಗ ಅವು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ಸುತ್ತ ದಟ್ಟೈಸಿದ್ದವು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಮಡಿದ ವಿಧವೆಯೊಬ್ಬಳೂ ಆ ಪಂಪಿನ ನೀರನ್ನೇ ಮೆಚ್ಚಿ ತರಿಸಿಕೊಳ್ಳುತ್ತಿದ್ದಳು! ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಸ್ನೋನ ಮಾತನ್ನು ಮೊದಲು ಒಪ್ಪದಿದ್ದ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿಯು ಮನೆಮನೆಗೆ ಹೋಗಿ ವಿಚಾರಿಸಿದನು. ಅಲ್ಲಗಳೆಯಲು ಹೊರಟದ್ದೇ ಸತ್ಯವೆಂದು ಕಂಡುಕೊಂಡನು. ಬೇನೆ ಬಿದ್ದ ಕೂಸಿನ ಬಟ್ಟೆ ಒಗೆದ ನೀರನ್ನು ತಾಯಿ ಚೆಲ್ಲಿದ್ದ ಗುಂಡಿಯಿಂದ ಕೊಳೆಯು ಬಾವಿಗೆ ಜಿನುಗಿತ್ತು.

ಎರಡನೆಯದು ಹ್ಯಾಲಿ ರೂಬೆನ್‌ಹೋಲ್ಡ್ ಅವರ ‘ದಿ ಫೈವ್’. 2019ರಲ್ಲಿ ಪ್ರಕಟವಾದ ಈ ಗ್ರಂಥ ಅದೇ ವರ್ಷ ಬೇಲಿ ಗಿಫರ್ಡ್ ಪ್ರಶಸ್ತಿಯನ್ನು ಪಡೆಯಿತು. 1888ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಐವರು ಹೆಂಗಸರು ಕೊಲೆಯಾದರು. ಕೊಲೆಗಾರನು ಯಾರೆಂಬುದು ಇಂದಿಗೂ ನಿಶ್ಚಯವಾಗಿಲ್ಲ. ಆದರೂ ‘ಜ್ಯಾಕ್ ದಿ ರಿಪ್ಪರ್’ ಎಂಬ ಅವನ ಅಡ್ಡಹೆಸರು ಲೋಕಪ್ರಸಿದ್ಧ. ಕೊಂದವನಿಗೆ ಖ್ಯಾತಿ, ಮಡಿದವರಿಗೆ ಮರೆವು! ಲೇಖಕಿ ಕೊಲೆಗಳ ವರ್ಣನೆಯನ್ನು ಬದಿಗಿರಿಸಿ, ಆ ಐವರ ಬದುಕನ್ನೇ ಬರೆದಿದ್ದಾರೆ. ಒಬ್ಬಳು ಕಮ್ಮಾರನ ಮಗಳು, ಒಬ್ಬಳು ಸೈನಿಕನ ಮಗಳು. ಮತ್ತೊಬ್ಬಳು ಸ್ವೀಡನ್ನಿನ ಬೇಸಾಯಗಾರರ ಮನೆಯಲ್ಲಿ ಹುಟ್ಟಿದವಳು. ಬಡತನ, ಮುರಿದ ಸಂಸಾರ, ಕುಡಿತ ಇವು ಅವರನ್ನು ಹೇಗೆ ಬೀದಿಗೆ ತಳ್ಳಿದುವೆಂಬುದನ್ನು ಓದುವಾಗ ಮನಸ್ಸು ಕಲಕುತ್ತದೆ.

ಜನಪ್ರಿಯವೆಂದ ಮಾತ್ರಕ್ಕೆ ಇವು ಕಟ್ಟುಕಥೆಗಳಲ್ಲ. ಜನನ-ಮರಣಗಳ ದಾಖಲೆ, ಮರಣವಿಚಾರಣೆಯ ವರದಿ, ನಿರ್ಗತಿಕರನ್ನು ದುಡಿಸುತ್ತಿದ್ದ ಆಶ್ರಯಗೃಹಗಳ ಲೆಕ್ಕದ ಪುಸ್ತಕ ಇಂತಹ ನೀರಸ ಕಡತಗಳನ್ನು ಜಾಲಾಡಿ ಲೇಖಕರು ಈ ಜೀವಗಳನ್ನು ಹೊರತಂದಿದ್ದಾರೆ. ಎಂದೋ ಒಬ್ಬ ಗುಮಾಸ್ತನು ಗೀಚಿಟ್ಟ ಒಂದು ಸಾಲು, ನೂರಾರು ವರ್ಷಗಳ ಅನಂತರ ಒಬ್ಬ ಬಡವಿಯ ಪರವಾಗಿ ಸಾಕ್ಷಿ ನುಡಿಯುತ್ತದೆ.

ಸತ್ತವರಿಗೆ ಪ್ರಾಣವನ್ನು ಮರಳಿಸುವ ಶಕ್ತಿ ಇತಿಹಾಸಕ್ಕಿಲ್ಲ. ಆದರೆ ಕಳೆದುಹೋದ ಹೆಸರನ್ನು ಹಿಂದಿರುಗಿಸಬಲ್ಲದು. ಅದೂ ಒಂದು ಬಗೆಯ ನ್ಯಾಯವೇ. ಇನ್ನು ಮುಂದೆ ಪುಸ್ತಕದಲ್ಲಿ ‘ಇಷ್ಟು ಮಂದಿ ಮಡಿದರು’ ಎಂಬ ವಾಕ್ಯವನ್ನು ಕಂಡಾಗ, ಅಂಕಿಯನ್ನು ನೆನಪಿಡುವುದಷ್ಟರಿಂದಲೇ ನೀವು ತೃಪ್ತರಾಗಬೇಡಿರಿ. ಅವರು ಯಾರು, ಯಾವ ನೀರನ್ನು ಕುಡಿದರು, ಯಾರಿಗಾಗಿ ದುಡಿದರು ಎಂದು ಕೇಳಿರಿ. ಇತಿಹಾಸದ ನಿಜವಾದ ಅಧ್ಯಯನವು ಅಂತಹ ಪ್ರಶ್ನೆಯಿಂದಲೇ ಮೊದಲಾಗುತ್ತದೆ.