ಎಂಬತ್ತು ರೂಪಾಯಿಯ ಬಂಡವಾಳ

ಸ್ವಂತ ಉದ್ಯೋಗವೊಂದನ್ನು ಕೈಗೊಳ್ಳಬೇಕೆಂಬ ಆಸೆ ಹಲವರಲ್ಲಿ ಉಂಟು. ‘ಕೈಯಲ್ಲಿ ಹಣವಿಲ್ಲ’ ಎಂಬ ಒಂದೇ ಮಾತಿನಿಂದ ಆ ಆಸೆ ಮೊಳಕೆಯಲ್ಲಿಯೇ ಬಾಡಿಹೋಗುವುದೂ ಉಂಟು. ಹಣವಿಲ್ಲದೆ ವ್ಯಾಪಾರ ನಡೆಯದೆಂಬುದು ನಿಜ. ಆದರೆ ಎಷ್ಟು ಹಣ ಬೇಕು, ಆ ಹಣ ಯಾವ ಬಗೆಯದಾಗಿರಬೇಕು ಎಂದು ವಿಚಾರಮಾಡುವವರು ವಿರಳ. ಈ ಪ್ರಶ್ನೆಗೆ ಮುಂಬಯಿಯ ಏಳು ಮಂದಿ ಗೃಹಿಣಿಯರು ಕಂಡುಕೊಂಡ ಉತ್ತರ ಮನನಯೋಗ್ಯವಾದುದು.

ಮುಂಬಯಿಯ ಗಿರಗಾಂವ್ ಬಡಾವಣೆಯಲ್ಲಿ ವಾಸವಾಗಿದ್ದ ಈ ಗುಜರಾತಿ ಮಹಿಳೆಯರಲ್ಲಿ ಜಸವಂತಿಬೆನ್ ಪೋಪಟ್ ಒಬ್ಬರು. ಮನೆಗೆಲಸ ಮುಗಿದ ಮೇಲೆ ಉಳಿಯುವ ಹೊತ್ತನ್ನು ಸಂಪಾದನೆಗೆ ಬಳಸಬೇಕೆಂಬುದು ಅವರ ಹಂಬಲ. ಅವರಿಗೆ ಚೆನ್ನಾಗಿ ತಿಳಿದಿದ್ದ ವಿದ್ಯೆ ಹಪ್ಪಳ ಒತ್ತುವುದು. ಮಣೆ, ಲಟ್ಟಣಿಗೆಗಳು ಪ್ರತಿಯೊಂದು ಮನೆಯಲ್ಲಿಯೂ ಇರುವಂಥವೇ. ಉದ್ದಿನ ಹಿಟ್ಟು, ಮೆಣಸು, ಇಂಗು ಮೊದಲಾದವುಗಳಿಗೆ ಮಾತ್ರ ಹಣ ಬೇಕಾಗಿತ್ತು. ಸಮಾಜಸೇವಕರಾದ ಛಗನ್‌ಲಾಲ್ ಪಾರೇಖ್ ಎಂಬುವರಿಂದ ಅವರು 80 ರೂಪಾಯಿಗಳನ್ನು ಸಾಲವಾಗಿ ಪಡೆದರು. 1959ರ ಮಾರ್ಚ್ 15ರಂದು ತಮ್ಮ ಕಟ್ಟಡದ ತಾರಸಿಯ ಮೇಲೆ ಕುಳಿತು ಒತ್ತಿದ ಹಪ್ಪಳ ನಾಲ್ಕು ಪೊಟ್ಟಣಗಳಾದವು. ಪರಿಚಿತ ವರ್ತಕರೊಬ್ಬರ ಮೂಲಕ ಅವು ಮಾರಾಟಕ್ಕೆ ಹೋದವು.

ಆ 80 ರೂಪಾಯಿ ಸಾಲವಾಗಿತ್ತೇ ಹೊರತು ದಾನವಾಗಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ದಾನದ ಹಣಕ್ಕೆ ಲೆಕ್ಕ ಕೇಳುವವರಿಲ್ಲ. ಸಾಲದ ಹಣವಾದರೋ ಮರಳಬೇಕಾದುದು. ಮರಳಬೇಕಾದರೆ ಲೆಕ್ಕವಿಡಬೇಕು; ಲೆಕ್ಕ ಸರಿದೂಗಬೇಕಾದರೆ ಸರಕು ಮಾರಾಟವಾಗಬೇಕು; ಕೊಂಡವರು ಮತ್ತೆ ಬಂದು ಕೊಳ್ಳಬೇಕಾದರೆ ಸರಕು ಒಳ್ಳೆಯದಾಗಿರಬೇಕು. ಹೀಗೆ ಒಂದು ಸಣ್ಣ ಸಾಲ ಅನೇಕ ಕಟ್ಟುಪಾಡುಗಳನ್ನು ಜೊತೆಗೆ ತಂದಿತು. ಮೊದಮೊದಲು ಆ ಮಹಿಳೆಯರು ಉತ್ತಮ ಹಪ್ಪಳದ ಜೊತೆಗೆ ಕಡಿಮೆ ದರ್ಜೆಯದನ್ನೂ ತಯಾರಿಸಿ ಅಗ್ಗವಾಗಿ ಮಾರಲು ಹೊರಟಿದ್ದರು. ಪಾರೇಖರು ಅದನ್ನು ತಡೆದರು. ಒಂದೇ ದರ್ಜೆಯ ಹಪ್ಪಳವಿರಲಿ, ಗುಣದಲ್ಲಿ ಎಂದೂ ರಾಜಿ ಬೇಡ, ಲೆಕ್ಕಪತ್ರ ಚೊಕ್ಕವಾಗಿರಲಿ ಎಂಬುದು ಅವರ ಬುದ್ಧಿವಾದ. ನಷ್ಟವಾದರೂ ಸರಿಯೇ, ಯಾರಿಂದಲೂ ದಾನ ಸ್ವೀಕರಿಸಬಾರದೆಂದು ಆ ಮಹಿಳೆಯರು ನಿಶ್ಚಯಿಸಿಕೊಂಡರು. ಮುರಿದ ಹಪ್ಪಳವನ್ನು ಮಾರದೆ ನೆರೆಹೊರೆಯವರಿಗೆ ಹಂಚಿದರು.

ಕೈ ಬಿಗಿಯಾಗಿದ್ದಾಗ ಬುದ್ಧಿ ಚುರುಕಾಗಬೇಕಾಗುತ್ತದೆ. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಬೇಕಾಯಿತು. ಯಂತ್ರವನ್ನು ಕೊಳ್ಳುವಷ್ಟು ಹಣ ಅವರಲ್ಲಿರಲಿಲ್ಲ. ಮರುವರ್ಷ ಅವರು ಕೊಂಡದ್ದು ಒಂದು ಮಂಚ, ಒಂದು ಒಲೆ. ಮಂಚದ ಮೇಲೆ ಹಪ್ಪಳವನ್ನು ಹರಡಿ, ಕೆಳಗೆ ಒಲೆಯನ್ನಿರಿಸಿ ಒಣಗಿಸಿದರು. ಕೆಲಸಗಾರ್ತಿಯರು ಹೆಚ್ಚಿ ಸ್ಥಳ ಸಾಲದಾದಾಗ, ಕಲಸಿದ ಹಿಟ್ಟನ್ನು ಮನೆಗೆ ಕೊಟ್ಟು ಕಳುಹಿಸುವ ಏರ್ಪಾಡಾಯಿತು. ಒತ್ತಿ ತಂದ ಹಪ್ಪಳವನ್ನು ತೂಗಿ, ಪರೀಕ್ಷಿಸಿ ಪೊಟ್ಟಣ ಕಟ್ಟತೊಡಗಿದರು. ಹೀಗೆ ಸದಸ್ಯೆಯರ ಮನೆಗಳೇ ಕಾರ್ಖಾನೆಗಳಾದವು. 1962ರಲ್ಲಿ ತಮ್ಮ ಹಪ್ಪಳಕ್ಕೆ ಹೆಸರಿಡಲು ಒಂದು ಸ್ಪರ್ಧೆಯನ್ನು ನಡೆಸಿದರು. ಬಹುಮಾನ 5 ರೂಪಾಯಿ. ದೊರೆತ ಹೆಸರು, ರುಚಿ ಎಂಬ ಅರ್ಥದ ‘ಲಿಜ್ಜತ್’.

ಮೊದಲ ವರ್ಷದ ಮಾರಾಟ 6,196 ರೂಪಾಯಿ. ಏಳು ಮಂದಿಯಿದ್ದವರು ಮೂರು ತಿಂಗಳಲ್ಲಿ 25 ಮಂದಿಯಾದರು. ಮೂರನೆಯ ವರ್ಷದಲ್ಲಿ 300ನ್ನು ಮೀರಿದರು. 1966ರಲ್ಲಿ ಸಂಸ್ಥೆ ನೋಂದಣಿಯಾಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾನ್ಯತೆಯೂ ದೊರೆಯಿತು. ಈಗ ಅದರ ಸದಸ್ಯೆಯರ ಸಂಖ್ಯೆ 40,000ವನ್ನು ಮೀರಿದೆ. ಅಲ್ಲಿ ಒಡೆಯರು ಬೇರೆ, ಆಳುಗಳು ಬೇರೆ ಎಂಬ ಭೇದವಿಲ್ಲ. ಪ್ರತಿಯೊಬ್ಬರೂ ಸಹೋದರಿ, ಪ್ರತಿಯೊಬ್ಬರೂ ಪಾಲುದಾರರು. ಲಾಭದಂತೆ ನಷ್ಟವೂ ಎಲ್ಲರದು. 2021ರಲ್ಲಿ ಭಾರತ ಸರ್ಕಾರ ಜಸವಂತಿಬೆನ್ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಘೋಷಿಸಿತು.

ಅಲ್ಪ ಬಂಡವಾಳದಿಂದ ಹೊರಟವರೆಲ್ಲರೂ ಈ ಎತ್ತರವನ್ನು ಮುಟ್ಟುತ್ತಾರೆಂದು ಹೇಳಲಾಗದು. ಎಷ್ಟೋ ಅಂಗಡಿಗಳು ತೆರೆದ ವರ್ಷವೇ ಮುಚ್ಚಿಹೋಗುತ್ತವೆ. ಆದರೆ ಅಲ್ಪ ಬಂಡವಾಳದಲ್ಲಿ ಒಂದು ದೊಡ್ಡ ಅನುಕೂಲವುಂಟು: ಸೋತರೂ ಬದುಕು ಸೋಲುವುದಿಲ್ಲ. 80 ರೂಪಾಯಿಯನ್ನು ಏಳು ಮಂದಿಗೆ ಹಂಚಿದರೆ ಒಬ್ಬೊಬ್ಬರ ಹೊಣೆ 11 ರೂಪಾಯಿಗಿಂತ ತುಸು ಹೆಚ್ಚು. ಅಷ್ಟನ್ನು ಕಳೆದುಕೊಂಡಿದ್ದರೂ ಅವರು ದುಡಿದು ತೀರಿಸಬಲ್ಲವರಾಗಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಹೆದರಿದವರು ಸುಮ್ಮನೆ ಮಲಗಿರಲು ನೆಪಮಾಡಿಕೊಳ್ಳುತ್ತಾರೆ. ಆ ಏಳು ಮಂದಿ ತಮ್ಮ ಹಾಸಿಗೆಯ ಅಳತೆಯನ್ನು ಮೊದಲು ಸರಿಯಾಗಿ ಅರಿತುಕೊಂಡರು. ಬಳಿಕ ದುಡಿದು ಅದನ್ನು ಉದ್ದವಾಗಿಸಿಕೊಂಡರು.