ಹಿತ್ತಲಿನ ಆಟದ ಎಂಟನೆಯ ನಿಯಮ

ಬೇಸಿಗೆ ರಜೆ ಬಂದರೆ ಪಾಂಡವಪುರದ ನಮ್ಮ ಮನೆಯ ಹಿತ್ತಲು ಕ್ರಿಕೆಟ್ ಮೈದಾನವಾಗುತ್ತದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಮತ್ತು ನಾಗಮಂಗಲಗಳಿಂದ ಬರುವ ಮೊಮ್ಮಕ್ಕಳು ತಮ್ಮ ತಮ್ಮ ಬೀದಿಯ ನಿಯಮಗಳನ್ನೂ ಜೊತೆಗೆ ತರುವುದರಿಂದ ಮೊದಲ ಸಂಜೆ ವಾದದಲ್ಲಿಯೇ ಕಳೆಯುತ್ತದೆ. ಕಳೆದ ಬೇಸಿಗೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು, ಹಳೆಯ ಲೆಕ್ಕದ ಪುಸ್ತಕದ ಹಾಳೆಯೊಂದರ ಮೇಲೆ ಏಳು ನಿಯಮಗಳನ್ನು ಬರೆದೆ.

1. ಟೆನಿಸ್ ಚೆಂಡು ಮಾತ್ರ. ನಿಲ್ಲಿಸಿದ ಮೂರು ಇಟ್ಟಿಗೆಗಳೇ ವಿಕೆಟ್.
2. ಚೆಂಡು ನೇರವಾಗಿ ಕಾಂಪೌಂಡಿನ ಆಚೆ ಬಿದ್ದರೆ ಔಟ್. ಹೊಡೆದವರೇ ಹೋಗಿ, ನೆರೆಮನೆಯವರನ್ನು ಕೇಳಿ ತರಬೇಕು.
3. ನೆಲಕ್ಕೆ ಒಮ್ಮೆ ಬಿದ್ದು ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್.
4. ಎಲ್‌ಬಿಡಬ್ಲ್ಯು ಇಲ್ಲ.
5. ಚಿಕ್ಕ ಮಕ್ಕಳಿಗೆ ಮೊದಲ ಚೆಂಡು ಟ್ರಯಲ್.
6. ಆಟಗಾರರ ಸಂಖ್ಯೆ ಬೆಸವಾದರೆ ಒಬ್ಬರು ಎರಡೂ ಕಡೆಗೆ ಆಡಬೇಕು.
7. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯಬೇಕಾದ್ದರಿಂದ, ಅಜ್ಜಿ ಕರೆದೊಡನೆ ಆಟ ನಿಲ್ಲಬೇಕು.

ಅಂಪೈರ್ ನಾನೇ. ಒಂದು ಸಂಜೆ ಹಿರಿಯ ಮೊಮ್ಮಗನ ತಂಡಕ್ಕೆ ಗೆಲ್ಲಲು ನಾಲ್ಕು ರನ್ ಬೇಕಾಗಿತ್ತು. ಬ್ಯಾಟಿನ ಅಂಚನ್ನು ಸವರಿದ ಚೆಂಡು ಹಿಂದೆ ನಿಂತಿದ್ದ ಹುಡುಗಿಯ ಕೈ ಸೇರಿತು. ಆ ಸಣ್ಣ ಸದ್ದು ನನಗೆ ಕೇಳಿಸಿತು, ಮಿಕ್ಕವರಿಗೆ ಕೇಳಿಸಲಿಲ್ಲ. ಯಾರೂ ಔಟ್ ಕೇಳಲಿಲ್ಲ. ಹುಡುಗ ಒಮ್ಮೆ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಮುಂದಿನ ಚೆಂಡಿಗೆ ಅವನು ತಂಡವನ್ನು ಗೆಲ್ಲಿಸಿದ.

ನನ್ನ ಮೌನಕ್ಕೆ ಶಾಸ್ತ್ರಾಧಾರವೇನೋ ಇತ್ತು. ಕ್ರಿಕೆಟ್ಟಿನ 42 ನಿಯಮಗಳಲ್ಲಿ 31ನೆಯದರ ಪ್ರಕಾರ, ಎದುರು ತಂಡದವರು ಕೇಳದ ಹೊರತು ಅಂಪೈರ್ ಔಟ್ ಕೊಡುವಂತಿಲ್ಲ. ಆದರೆ ಔಟಾದವನು ಯಾರೂ ಕೇಳದಿದ್ದರೂ ತಾನಾಗಿಯೇ ಹೊರನಡೆಯಬಹುದೆಂದೂ ಅದೇ ನಿಯಮ ಹೇಳುತ್ತದೆ. ಮೊದಲ ಅರ್ಧ ನನಗೆ ಅನುಕೂಲವಾಗಿತ್ತು. ಎರಡನೆಯ ಅರ್ಧವನ್ನು ನಾನು ಮರೆತಿದ್ದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಹಿಂದೆ ಒಬ್ಬ ರೈತರ ಬೆಲ್ಲದ ಲೆಕ್ಕ ಮುಗಿಸಿದ ಮೇಲೆ, ಕೂಡುವುದರಲ್ಲಿ ತಪ್ಪಿ ಅವರಿಗೆ ಕಡಿಮೆ ಹಣ ಕೊಟ್ಟಿರುವುದು ನನ್ನ ಕಣ್ಣಿಗೆ ಬಿತ್ತು. ಕೇಳಿದಾಗ ಕೊಡೋಣವೆಂದುಕೊಂಡೆ. ಅವರು ಕೇಳಲಿಲ್ಲ. ನಾನು ಹಣ ಹಿಡಿದು ಅವರ ಊರಿಗೆ ಹೋಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಹಣವನ್ನು ಮಗನ ಕೈಗೆ ಕೊಟ್ಟು ಬಂದೆ. ಆದರೆ ಕ್ಷಮೆ ಕೇಳಬೇಕಾದವರೇ ಇರಲಿಲ್ಲ. ಬಸದಿಯಲ್ಲಿ ಕುಳಿತು ಸತ್ಯ ಮತ್ತು ಅಚೌರ್ಯಗಳನ್ನು ಕುರಿತು ಮಾತನಾಡಿದ ಬಾಯಿಯೇ ಅಂದು ಸುಮ್ಮನಿತ್ತು.

1980ರ ಫೆಬ್ರವರಿಯಲ್ಲಿ, ನಾನು ಬಿ.ಕಾಂ. ಓದುತ್ತಿದ್ದಾಗ, ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಎದುರು ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ನಮ್ಮ ಜಿ.ಆರ್. ವಿಶ್ವನಾಥ್ ನಾಯಕರು. ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪಿತ್ತ ಮೇಲೂ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಟೇಲರ್ ಮತ್ತು ಬೋಥಮ್ ಆರನೆಯ ವಿಕೆಟ್ಟಿಗೆ 171 ರನ್ ಸೇರಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಅಂದು ನಾವು ಗೆಳೆಯರು ಅವರನ್ನು ಬೈದುಕೊಂಡೆವು. ಇಂದು ಆ ಪಂದ್ಯವನ್ನು ನೆನೆಯುವವರು ಸೋಲಿಗಿಂತ ಮೊದಲು ಆ ಕರೆಯನ್ನು ನೆನೆಯುತ್ತಾರೆ.

ಬೆಳಿಗ್ಗೆ ಮಕ್ಕಳನ್ನು ಕರೆದು ನಡೆದುದನ್ನು ಹೇಳಿದೆ. ಹಿರಿಯ ಮೊಮ್ಮಗ ತಲೆ ತಗ್ಗಿಸಿದ. “ನನಗೂ ಗೊತ್ತಿತ್ತು ತಾತ. ನೀವೇ ಸುಮ್ಮನಿದ್ದಿರಲ್ಲ ಅಂತ ನಾನೂ ಸುಮ್ಮನಾದೆ” ಎಂದ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾಚ್ ಹಿಡಿದಿದ್ದ ಹುಡುಗಿ ಹಾಳೆಯನ್ನು ಎಳೆದುಕೊಂಡು ಕೆಳಗೆ ಬರೆದಳು: “8. ಗೊತ್ತಿದ್ದವರು, ಯಾರೂ ಕೇಳದಿದ್ದರೂ ಹೇಳಬೇಕು.” ಆ ಪಂದ್ಯವನ್ನು ಮಕ್ಕಳು ಅಂದು ಸಂಜೆ ಮತ್ತೆ ಆಡಿದರು. ಹಾಳೆ ಈಗ ನನ್ನ ಅಂಗಡಿಯಲ್ಲಿ, ತಕ್ಕಡಿಯ ಹಿಂದಿನ ಗೋಡೆಯ ಮೇಲಿದೆ.