ಆಫ್ ಡೇ

2018ರಲ್ಲಿ ಮಗನ ಕೆಲಸದ ನೆಪದಲ್ಲಿ ಶಾಂಘೈಗೆ ಹೋಗಿದ್ದೆವು. ಒಂದು ಭಾನುವಾರ ಅವನು ಪೀಪಲ್ಸ್ ಪಾರ್ಕಿನ 'ಇಂಗ್ಲಿಷ್ ಕಾರ್ನರ್'ಗೆ ಕರೆದುಕೊಂಡು ಹೋದ. ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳುವವರು ತಾವಾಗಿ ಬಂದು ಸೇರುವ ಜಾಗ. ಹೈಸ್ಕೂಲು ಹುಡುಗನೊಬ್ಬ ನನ್ನನ್ನೇ ಹಿಡಿದುಕೊಂಡ. ಕಾಲೇಜು ಸೇರುವ 'ಗಾವ್‌ಕಾವ್' ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ವ್ಯಾಕರಣವೆಲ್ಲ ಬಾಯಿಪಾಠ, ಬಾಯಿ ಮಾತ್ರ ತೆರೆಯದು. 'ಥ್ಯಾಂಕ್ಯೂ' ಅನ್ನಲು ಹೋದರೆ 'ಸ್ಯಾಂಕ್ಯೂ' ಆಗ್ತಿತ್ತು. ಅವರ ಭಾಷೆಯಲ್ಲಿ ಆ ಸದ್ದೇ ಇಲ್ಲ. ಪಕ್ಕದವರು ನಕ್ಕರು, ಹುಡುಗನ ಕಿವಿ ಕೆಂಪಾಯ್ತು.

ನನಗೆ ನಗು ಬರಲಿಲ್ಲ. ಮಂಡ್ಯ ಕಡೆಯವನು ನಾನು. ಹಾಲು ನಮಗೆ 'ಆಲು'. ಎಂ.ಕಾಂ. ಮುಗಿಸಿ 1984ರಲ್ಲಿ ಮುಂಬೈ ಶಾಖೆಗೆ ಸೇರಿದ ಹೊಸದು. ಗ್ರಾಹಕರೊಬ್ಬರು ಫೋನ್ ಮಾಡಿ ಶನಿವಾರದ ವೇಳೆ ಕೇಳಿದರು. 'ಹಾಫ್ ಡೇ' ಅಂದೆ; ಅವರಿಗೆ ಕೇಳಿಸಿದ್ದು 'ಆಫ್ ಡೇ'. ಸೋಮವಾರ ಬಂದರು. ಮಗಳ ಕಾಲೇಜು ಫೀಸಿನ ಡಿ.ಡಿ.ಗೆ ಶನಿವಾರವೇ ಕೊನೇ ದಿನವಾಗಿತ್ತಂತೆ. ಬೈದಿದ್ದರೆ ವಾಸಿಯಿತ್ತು, ಸುಮ್ಮನೆ ನೋಡಿ ಹೋದರು. ಆಮೇಲೆ ತಿಂಗಳುಗಟ್ಟಲೆ ಫೋನು ಹೊಡೆದುಕೊಂಡರೆ ನಾನು ಎದ್ದು ನೀರು ಕುಡಿಯಲು ಹೋಗ್ತಿದ್ದೆ. (ಮನೆಯವಳಿಗೂ ಇದನ್ನು ಹೇಳಿರಲಿಲ್ಲ.)

ಹುಡುಗನಿಗೆ ಹೇಳಿದೆ. ಅವನು 'ಹಾಫ್' ಅಂದು ತೋರಿಸಿದ, ಸರಿಯಾಗಿತ್ತು! ನಾನು 'ಥ್ಯಾಂಕ್ಯೂ' ಅಂದೆ, ಅದೂ ಮಂಡ್ಯದ್ದೇ ಅನ್ನಿ. ಮಗ ಎರಡು ಸಲ ವಾಚು ನೋಡಿಕೊಂಡರೂ ನಾವಿಬ್ಬರು ಏಳಲಿಲ್ಲ.